ಕೂಲಿಮಠದಿಂದ ಕಾಲೇಜಿನವರೆಗೆ ಬರಹದ ಪಾಠ

ಮಂಟೇಸ್ವಾಮಿ ಹಾಗೂ ಮಲೆ ಮಾದೇಶ್ವರರ ಕಾವ್ಯಗಳನ್ನು ಇರುಳಿಡೀ ಹಾಡಬಲ್ಲ ನೀಲಗಾರರು ಮತ್ತು ಕಂಸಾಳೆಯವರ ಸೀಮೆ ನಮ್ಮದು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳ ಹಳ್ಳಿಗಳಲ್ಲಿ ಸಾವಿರಾರು ಸಾಲುಗಳ ಕಥನ ನಾಲಗೆಯ ಮೇಲೆಯೇ ತಲೆಮಾರುಗಳನ್ನು ದಾಟಿ ಬಂದಿದೆ. ಇದೇ ಜಿಲ್ಲೆಯಲ್ಲಿ 2001ರ ಜನಗಣತಿಯಂತೆ ಅಕ್ಷರಸ್ಥರ ಪ್ರಮಾಣ ಶೇ. 50.87 ಇತ್ತು, 2011ರಲ್ಲಿ ಶೇ. 61.43ಕ್ಕೆ ಏರಿತು. ಅಕ್ಷರ ಕಲಿತವರಲ್ಲಿಯೂ ತನ್ನ ಮನಸ್ಸಿನಲ್ಲಿರುವುದನ್ನು ಒಂದು ಪುಟ ಬರೆದು ತೋರಿಸು ಎಂದರೆ ಹಿಂಜರಿಯುವವರೇ ಹೆಚ್ಚು. ಮಾತು ಇಷ್ಟು ಬಲ್ಲ ಜನಕ್ಕೆ ಬರಹ ಏಕೆ ಪರಕೀಯವಾಗಿ ಉಳಿಯಿತು? ಉತ್ತರ ಹುಡುಕಬೇಕಾದರೆ ಬರೆಯಲು ಕಲಿಸಿದ ಬಗೆಯ ಚರಿತ್ರೆಯನ್ನೇ ನೋಡಬೇಕು.

ಒಂದು ಕಾಲಕ್ಕೆ ಬರಹ ಅರಮನೆ, ಮಠ, ಅಗ್ರಹಾರ ಮತ್ತು ಶಾನುಭೋಗರ ಮನೆಗಳ ಸೊತ್ತು. ಆ ಗೋಡೆಯಲ್ಲಿ ಬಿರುಕು ಮೂಡಿದ್ದೂ ನಮ್ಮ ಸೀಮೆಯವರಿಂದಲೇ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673-1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸಕ್ಕಿದ್ದ ಯಳಂದೂರಿನ ಹೊನ್ನಮ್ಮ ಅಲ್ಲಿಯ ಪಂಡಿತರಿಂದ ವಿದ್ಯೆ ಕಲಿತು 'ಹದಿಬದೆಯ ಧರ್ಮ' ಎಂಬ ಸಾಂಗತ್ಯ ಕಾವ್ಯ ಬರೆದಳು. ಪತಿವ್ರತೆಯ ಧರ್ಮ ಹೇಳಹೊರಟ ಆ ಕೃತಿಯಲ್ಲಿಯೇ ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಪ್ರಶ್ನಿಸಿದಳು. ಅವಳಿಗೆ ಅಕ್ಷರದ ಜೊತೆಗೆ 'ನೀನೂ ಬರೆಯಬಹುದು' ಎಂಬ ಅನುಮತಿಯೂ ಸಿಕ್ಕಿತ್ತು. ಮುಂದಿನ ಶತಮಾನಗಳಲ್ಲಿ ಬಹುಪಾಲು ಮಕ್ಕಳಿಗೆ ಅಕ್ಷರ ಸಿಕ್ಕಿದಾಗಲೂ ಈ ಅನುಮತಿ ಸಿಗಲಿಲ್ಲ.

ಊರಿನ ಮಕ್ಕಳಿಗೆ ಇದ್ದದ್ದು ಕೂಲಿಮಠ. ಜಗಲಿಯ ಮೇಲೆ ಮರಳು ಹರಡಿ, ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಕೈ ಪಳಗಿದ ಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆದು, ಬೇಡವಾದಾಗ ಒರೆಸಬಹುದಿತ್ತು. ಶಾನುಭೋಗರ ಲೆಕ್ಕವೂ ಅಂಗಡಿಯವರ ಬಾಕಿಯೂ ಇದ್ದದ್ದು ಇಂಥ ಕಡತಗಳಲ್ಲಿ. ಸಾಲದ ಮೊತ್ತವೆಷ್ಟು, ಹೊಲದ ಎಲ್ಲೆ ಯಾವುದು ಎಂಬುದನ್ನು ಕಡತವೇ ತೀರ್ಮಾನಿಸುತ್ತಿತ್ತು. ಬರೆಯಲಾರದ ರೈತ ಅದನ್ನು ನಂಬಲೇಬೇಕಾಗಿತ್ತು. ದಲಿತರ ಮಕ್ಕಳಿಗಂತೂ ಆ ಜಗಲಿಯನ್ನು ಏರುವ ಹಕ್ಕೇ ಇರಲಿಲ್ಲ.

ಇಂಥ ಶಾಲೆಗಳ ಸ್ಪಷ್ಟವಾದ ಚಿತ್ರವೊಂದು ಅಂದು ಮದರಾಸು ಆಡಳಿತದಲ್ಲಿದ್ದ ಬಳ್ಳಾರಿಯಿಂದ ಸಿಗುತ್ತದೆ. ಅಲ್ಲಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಂತೆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, 21 ಪಾರಸಿಯವು. ಒಟ್ಟು 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಾತ್ರ. ಮುಸ್ಲಿಮರು 243, ಅವರಲ್ಲಿ ಒಬ್ಬಳೂ ಹುಡುಗಿಯಿಲ್ಲ. ಕಡಿಮೆ ಖರ್ಚಿನಲ್ಲಿ ಬರವಣಿಗೆ ಕಲಿಸುವ ರೀತಿಯನ್ನೂ, ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುವುದನ್ನೂ ಆತ ಮೆಚ್ಚಿಕೊಂಡಿದ್ದಾನೆ. ಮದರಾಸಿನ ಅನಾಥಾಲಯದಲ್ಲಿ ಇದೇ ಪದ್ಧತಿಯನ್ನು ಪ್ರಯೋಗಿಸಿದ ಆಂಡ್ರೂ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಹೀಗೆ ನಮ್ಮ ಕಡೆಯ ಮರಳ ಪಾಠ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಹೋಯಿತು. ಆದರೆ ಕ್ಯಾಂಪ್‌ಬೆಲ್ ಒಂದು ದೂರನ್ನೂ ಬರೆದಿದ್ದಾನೆ. ಪಾಠದ ಪದ್ಯಗಳ ಭಾಷೆ ಆಡುಮಾತಿನಿಂದ ತೀರಾ ದೂರ. ಮಕ್ಕಳು ಅರ್ಥ ತಿಳಿಯದೆ ಗಿಣಿಗಳಂತೆ ಒಪ್ಪಿಸುತ್ತಾರೆ ಎಂಬುದು ಅದರ ಸಾರ. ಇನ್ನೂರು ವರ್ಷಗಳ ಹಿಂದಿನ ಈ ದೂರು ಇಂದಿಗೂ ಹಳತಾಗಿಲ್ಲ.

ನಮ್ಮ ಮಕ್ತಬಗಳ ಕಥೆಯೂ ಬೇರೆಯಲ್ಲ. ತಖ್ತಿಗೆ ಜೇಡಿಮಣ್ಣು ಬಳಿದು ಲಾಳದ ಕಡ್ಡಿಯ ಕಲಮಿನಿಂದ ಅಲಿಫ್, ಬೇ ತಿದ್ದುವುದು ಸುಂದರವಾದ ಪರಂಪರೆ. ಕುರ್‌ಆನಿನ ಮೊದಲ ವಹೀಯಲ್ಲಿಯೇ ಲೇಖನಿಯ ಪ್ರಸ್ತಾಪವಿದೆ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಬರಹ ಬಲ್ಲವರು ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಅದೇ ಅವರ ಬಿಡುಗಡೆಯ ಬೆಲೆಯೆಂದು ಪ್ರವಾದಿಯವರು ಒಪ್ಪಿದರೆಂದು ಸೀರಾ ಗ್ರಂಥಗಳು ಹೇಳುತ್ತವೆ. ಬರಹಕ್ಕೆ ಇಷ್ಟು ಗೌರವ ಕೊಟ್ಟ ಪರಂಪರೆಯ ಮಕ್ಕಳು ಬಹುಮಟ್ಟಿಗೆ ಅರ್ಥವರಿಯದ ಓದಿನಲ್ಲಿಯೇ ನಿಂತದ್ದನ್ನು ನಾವು ಒಪ್ಪಿಕೊಳ್ಳಬೇಕು. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಮಕ್ತಬದಲ್ಲಿ ಅರಬಿ. ಮೂರರಲ್ಲಿ ಯಾವುದರಲ್ಲಿಯೂ ಅವರಿಗೆ ತಮ್ಮ ಮಾತನ್ನು ಬರೆಯಲು ಯಾರೂ ಹೇಳಲಿಲ್ಲ.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಆರಂಭವಾಯಿತು. ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಅಕ್ಷರ ಜಗಲಿಯಿಂದ ಸರ್ಕಾರಿ ಕಟ್ಟಡಕ್ಕೆ ಬಂತು. ನಿಧಾನವಾಗಿಯಾದರೂ ಬಾಗಿಲು ಅಗಲವಾಯಿತು. ಇದು ದೊಡ್ಡ ಲಾಭ. ಆದರೆ ಬರವಣಿಗೆಯ ಪಾಠವೆಂದರೆ ಕಾಪಿ, ಉಕ್ತಲೇಖನ, ಆಮೇಲೆ ಪ್ರಬಂಧ, ಪತ್ರಲೇಖನ, ಗಾದೆ ವಿಸ್ತರಣೆ ಎಂಬ ಕ್ರಮ ಗಟ್ಟಿಯಾಯಿತು. ಪ್ರಬಂಧದ ವಿಷಯಗಳು ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ. ಉತ್ತರ ಗೈಡಿನಲ್ಲಿ ಸಿದ್ಧವಾಗಿರುತ್ತದೆ. ಗ್ರಂಥಾಲಯವೇ ಇಲ್ಲದ ಊರಿನ ಹುಡುಗನೂ ಅದರ ಮಹತ್ವವನ್ನು ಬಾಯಿಪಾಠ ಮಾಡಿ ಹತ್ತಕ್ಕೆ ಎಂಟು ಅಂಕ ಪಡೆಯುತ್ತಾನೆ.

ಕಾಲೇಜಿನ ಮಟ್ಟದಲ್ಲಿ ಇನ್ನೊಂದು ತೊಡಕಿತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಇಂಗ್ಲಿಷಿನದು. ಕುವೆಂಪು ಅವರು ಮೊದಲು ಬರೆದದ್ದೂ ಇಂಗ್ಲಿಷ್ ಪದ್ಯಗಳನ್ನೇ. ನಿನ್ನ ಭಾಷೆಯಲ್ಲಿ ಬರೆ ಎಂದು ಅವರಿಗೆ ಹೇಳಿದವರು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್. ಕನ್ನಡದಲ್ಲಿ ಬರೆಯುವ ಅಭ್ಯಾಸಕ್ಕೆ ತರಗತಿಗಿಂತ ಹೆಚ್ಚಾಗಿ ನೆರವಾದವು ಕರ್ನಾಟಕ ಸಂಘಗಳು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಂಘ 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯನ್ನು ಹೊರತಂದಿತು.

ಇಲ್ಲಿ ಗುಂಡ್ಲುಪೇಟೆಯ ಹೆಸರು ಬರುತ್ತದೆ. ಜಿ.ಪಿ. ರಾಜರತ್ನಂ ಅವರ ಹೆಸರಿನ ಮೊದಲಲ್ಲಿರುವ 'ಗುಂಡ್ಲು ಪಂಡಿತ' ಅವರ ಹಿರಿಯರ ಊರನ್ನು ಸೂಚಿಸುತ್ತದೆ. ಸಣ್ಣ ಮಕ್ಕಳಿಗೆ ಪಾಠ ಹೇಳುವಾಗ ಇದ್ದ ಪದ್ಯಗಳು ಒಗ್ಗದೆ ತಾವೇ ಹೊಸ ಪದ್ಯ ಕಟ್ಟಿ 'ತುತ್ತೂರಿ' ಪ್ರಕಟಿಸಿದರು. 'ರತ್ನನ ಪದಗಳು' ಕುಡುಕನೊಬ್ಬನ ಆಡುನುಡಿಯನ್ನು ಕಾವ್ಯದೊಳಗೆ ಕೂರಿಸಿತು. ಮುಂದೆ ಕಾಲೇಜುಗಳಲ್ಲಿ ಕನ್ನಡ ಕಲಿಸುತ್ತ ವಿದ್ಯಾರ್ಥಿಗಳಿಂದ ಬರೆಸಿದರು. ಶಿಶುವಿಹಾರದಿಂದ ಕಾಲೇಜಿನವರೆಗೆ ಅವರದು ಒಂದೇ ನಂಬಿಕೆ: ಬಾಯಲ್ಲಿರುವ ಮಾತು ಹಾಳೆಯ ಮೇಲೆ ಬರಲು ನಾಚಬೇಕಾಗಿಲ್ಲ.

ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಇದನ್ನು ಇನ್ನೂ ಮುಂದೆ ಒಯ್ದರು. 1984ರ 'ಕುಸುಮಬಾಲೆ' ಈ ಸೀಮೆಯ ದಲಿತರ ಆಡುಮಾತಿನಲ್ಲಿಯೇ ಇದೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಪರ್ಯಾಸವೆಂದರೆ ಅದೇ ನುಡಿಯಲ್ಲಿ ನಮ್ಮ ಮಗು 'ಹಾಲು' ಎಂಬುದನ್ನು 'ಆಲು' ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ಕಾಗುಣಿತ ಕಲಿಸಲೇಬೇಕು, ನಿಜ. ಆದರೆ ಮಗು ಹೇಳಹೊರಟದ್ದನ್ನು ಕೇಳುವ ಮೊದಲೇ ಗೀಟು ಎಳೆದರೆ ಅದು ಮುಂದೆ ಬರೆಯುವುದಿಲ್ಲ, ನಕಲು ಮಾಡುತ್ತದೆ.

ಬದಲಾವಣೆ ಆಗದೇ ಇಲ್ಲ. ನಮ್ಮ ತಾಲ್ಲೂಕುಗಳು ಇನ್ನೂ ಮೈಸೂರು ಜಿಲ್ಲೆಯಲ್ಲಿದ್ದ 1995ರಲ್ಲಿ ನೆರೆಯ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿಬಂದ ಸರ್ಕಾರಿ ಶಾಲೆಗಳ ಮೇಷ್ಟ್ರುಗಳೇ ಅದನ್ನು ಕಟ್ಟಿದರು. ಅ, ಆ, ಇ, ಈ ಬದಲು ಕೈಗೆ ಸುಲಭವಾದ ರ, ಗ, ಸ, ದ, ಅ ಮೊದಲು ಬಂದವು. ನಾಲ್ಕೈದು ಅಕ್ಷರ ಕಲಿತೊಡನೆ ಮಗು ಪದ ಕಟ್ಟತೊಡಗಿತು. 2009-10ರಿಂದ ಇದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆ ಹರಡಿತು. ಆದರೆ ಅದು ಮೂರನೆಯ ತರಗತಿಗೆ ಮುಗಿಯುತ್ತದೆ. ಆಮೇಲೆ ಮತ್ತೆ ಗೈಡು, ಕಾಲೇಜಿನಲ್ಲಿ ನೋಟ್ಸು. 2023ರಲ್ಲಿ ಚಾಮರಾಜನಗರದಲ್ಲಿ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ಅಲ್ಲಿಯವರೆಗೆ ಬರುವ ಮೊದಲ ತಲೆಮಾರಿನ ಯುವಕ ಯುವತಿಯರಿಗೆ ಸ್ವಂತ ಒಂದು ಪುಟ ಬರೆಯಲು ಬರದಿದ್ದರೆ ಪದವಿ ಬರಿಯ ಕಾಗದವಾಗುತ್ತದೆ.

ಉರ್ದು ಮನೆಮಾತಿನ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆ ಸೇರಿದಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತು. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಎಲ್ಲ ಮಕ್ಕಳೂ ಲೇಖಕರಾಗಬೇಕಿಲ್ಲ. ಆದರೆ ತಹಸೀಲ್ದಾರರ ಕಚೇರಿಯ ಮುಂದೆ ಹಣ ಕೊಟ್ಟು ಅರ್ಜಿ ಬರೆಸುವ ಅವಲಂಬನೆ ತಪ್ಪಬೇಕು. ಶಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾಯಿತು; ಬರೆಯಬಲ್ಲವನ ಮುಂದೆ ಬರೆಯಲಾರದವನು ಕೈಕಟ್ಟಿ ನಿಲ್ಲುವುದು ರದ್ದಾಗಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನಾಲ್ಕನೆಯ ತರಗತಿಯಿಂದ ಪದವಿಯವರೆಗೆ ವಾರಕ್ಕೆ ಒಂದು ಪುಟ, ಗೈಡಿನಲ್ಲಿ ಸಿಗದ ವಿಷಯದ ಮೇಲೆ: ಚೆಂಡುಹೂವಿನ ಹೊಲದ ಕೂಲಿ, ಮನೆಯ ಈದ್, ಬೆಟ್ಟದ ಜಾತ್ರೆ, ಅಜ್ಜಿ ಹೇಳಿದ ಕಥೆ. ಮೇಷ್ಟ್ರು ಮೊದಲು ವಿಷಯ ಓದಲಿ, ಆಮೇಲೆ ತಪ್ಪು ತಿದ್ದಲಿ. ನಮ್ಮ ಮಕ್ತಬಗಳೂ ವಾರಕ್ಕೊಂದು ಗಂಟೆಯನ್ನು ಇದಕ್ಕೆ ಬಿಡಲಿ. ಹೊನ್ನಮ್ಮನಿಗೆ ಸಿಕ್ಕ ಅನುಮತಿ ನಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಿಗಬೇಕಾದದ್ದು ಹೀಗೆಯೇ.