ಕೊಟ್ಟದ್ದು ಸಾಕೆ?

ಗಣಿತವೆಂದರೆ ಉತ್ತರವನ್ನು ಕಂಡುಹಿಡಿಯುವ ವಿದ್ಯೆಯೆಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಉತ್ತರಕ್ಕೆ ಕೈಹಾಕುವ ಮುನ್ನ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯುಂಟು: ಕೊಟ್ಟಿರುವ ಸಂಗತಿಗಳು ಒಂದೇ ಉತ್ತರವನ್ನು ನಿಶ್ಚಯಿಸಲು ಸಾಕೆ? ಇಂದಿನ ಪ್ರವೇಶಪರೀಕ್ಷೆಗಳು ಕೇಳುವ ಈ ಪ್ರಶ್ನೆಯನ್ನು ಬಹು ಹಳೆಯ ಲೆಕ್ಕವೊಂದರ ಮುಂದಿಟ್ಟು ನೋಡೋಣ.

ಇಂದಿನ ಪಾಕಿಸ್ತಾನದಲ್ಲಿ, ಪೇಶಾವರದ ಕಡೆಗೆ, ಬಖ್ಶಾಲಿ ಎಂಬ ಹಳ್ಳಿಯಿದೆ. 1881ರಲ್ಲಿ ಅಲ್ಲಿ ನೆಲವನ್ನಗೆಯುತ್ತಿದ್ದವನೊಬ್ಬನಿಗೆ ಭೂರ್ಜಪತ್ರದ ಹಸ್ತಪ್ರತಿಯೊಂದು ದೊರೆಯಿತು. ಶಾರದಾ ಲಿಪಿಯಲ್ಲಿರುವ ಅದರ ಸುಮಾರು 70 ಎಲೆಗಳು ಈಗ ಆಕ್ಸ್‌ಫರ್ಡಿನ ಬೊಡ್ಲಿಯನ್ ಗ್ರಂಥಾಲಯದಲ್ಲಿವೆ. ಅದರಲ್ಲೊಂದು ಲೆಕ್ಕ: ಒಂದು ಸಂಖ್ಯೆಗೆ 5 ಕೂಡಿದರೆ ವರ್ಗಸಂಖ್ಯೆ, ಅದರಿಂದಲೇ 7 ಕಳೆದರೂ ವರ್ಗಸಂಖ್ಯೆ. ಆ ಸಂಖ್ಯೆ ಯಾವುದು?

ಅಂಕಿಗಳು ಚಿಕ್ಕವು, ಕಾಗದವಿಲ್ಲದೆಯೂ ಹಿಂಬಾಲಿಸಬಹುದು. ಹಸ್ತಪ್ರತಿಯ ವಿಧಾನ ಹೀಗಿದೆ: 5 ಮತ್ತು 7 ಸೇರಿ 12, ಅದನ್ನು 2ರಿಂದ ಭಾಗಿಸಿದರೆ 6, 2 ಕಳೆದರೆ 4, ಅದರ ಅರ್ಧ 2, ಅದರ ವರ್ಗ 4, 7 ಕೂಡಿದರೆ 11. ತಾಳೆ ನೋಡೋಣ: 11ಕ್ಕೆ 5 ಸೇರಿ 16, 11ರಲ್ಲಿ 7 ಹೋಗಿ 4. ಎರಡೂ ವರ್ಗಗಳೇ.

ಆದರೆ ಭಾಗಿಸಲೂ ಕಳೆಯಲೂ 2ನ್ನೇ ಏಕೆ ಆರಿಸಬೇಕು? 3ನ್ನು ತೆಗೆದುಕೊಂಡರೆ ಏಳೂಕಾಲು ಬರುತ್ತದೆ. ಅದಕ್ಕೆ 5 ಕೂಡಿದರೆ ಹನ್ನೆರಡೂಕಾಲು, ಅಂದರೆ ಮೂರೂವರೆಯ ವರ್ಗ. 7 ಕಳೆದರೆ ಕಾಲು, ಅಂದರೆ ಅರ್ಧದ ವರ್ಗ. ಭಿನ್ನರಾಶಿಗಳಿಗೆ ಬಾಗಿಲು ತೆರೆದರೆ ಇಂಥ ಉತ್ತರಗಳಿಗೆ ಕೊನೆಯೇ ಇಲ್ಲ. ಕೊಟ್ಟದ್ದು ಸಾಲದು.

ಈಗ 'ಪೂರ್ಣಾಂಕ' ಎಂಬ ಒಂದೇ ಪದವನ್ನು ಸೇರಿಸಿ. ಎರಡು ವರ್ಗಗಳ ಅಂತರ 12. ಅದು ಅವುಗಳ ಮೂಲಗಳ ಮೊತ್ತ ಹಾಗೂ ವ್ಯತ್ಯಾಸಗಳ ಗುಣಲಬ್ಧ. ಮೂಲಗಳು ಪೂರ್ಣಾಂಕಗಳಾದರೆ ಈ ಮೊತ್ತವೂ ವ್ಯತ್ಯಾಸವೂ ಎರಡೂ ಸಮ, ಇಲ್ಲವೇ ಎರಡೂ ಬೆಸ. ಹನ್ನೆರಡನ್ನು 1 ಮತ್ತು 12, 2 ಮತ್ತು 6, 3 ಮತ್ತು 4 ಎಂದು ಒಡೆಯಬಹುದು. ನಿಯಮಕ್ಕೆ ಒಪ್ಪುವುದು 2 ಮತ್ತು 6 ಮಾತ್ರ. ಮೂಲಗಳು 4 ಮತ್ತು 2. ಉತ್ತರ 11 ಒಂದೇ.

ವರ್ಗಮೂಲಕ್ಕೆ ಎರಡು ಮುಖಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಧನವಾಗಲಿ ಋಣವಾಗಲಿ ಅದರ ವರ್ಗ ಧನವೇ, ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿಯೇ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ. ವರ್ಗ 16 ಎಂದಷ್ಟೇ ಹೇಳಿದರೆ ಮೂಲ ಧನ ನಾಲ್ಕೋ ಋಣ ನಾಲ್ಕೋ ತಿಳಿಯದು. ಬಖ್ಶಾಲಿಯ ಲೆಕ್ಕದಲ್ಲಾದರೋ ಮೂಲ ಯಾವುದಾದರೂ ಸಂಖ್ಯೆ 11. ಎಲ್ಲ ಸಂದೇಹಗಳೂ ಉತ್ತರವನ್ನು ಕದಲಿಸುವುದಿಲ್ಲ. ಯಾವುದು ಕದಲಿಸುತ್ತದೆಂದು ಅರಿಯುವುದೇ ವಿವೇಕ.

ತಾಳೆಯಾದೊಡನೆ ಲೆಕ್ಕ ಮುಗಿಯಿತೆಂದು ನೆಮ್ಮದಿಪಡುವುದು ನಮ್ಮ ರೂಢಿ. ತಾಳೆ ಹೇಳುವುದು 'ಇದೂ ಉತ್ತರ' ಎಂದಷ್ಟೆ. 'ಇದೇ ಉತ್ತರ' ಎನ್ನಲು ಬೇರೆ ಸಾಧನೆ ಬೇಕು. ನ್ಯಾಯ ತೀರ್ಮಾನಿಸುವವರೂ ಚರಿತ್ರೆ ಬರೆಯುವವರೂ ಈ ಎರಡು ಪದಗಳ ಅಂತರವನ್ನು ಮರೆಯಬಾರದು.