ಯಾವ ಅಭ್ಯರ್ಥಿಯೂ ಪೂರ್ಣವಾಗಿ ಒಪ್ಪಿಗೆಯಾಗದಿದ್ದಲ್ಲಿ: ಮತದಾರರಿಗೆ ಮಾಹಿತಿ

ಕಣದಲ್ಲಿರುವ ಯಾವ ಅಭ್ಯರ್ಥಿಯೂ ಪೂರ್ಣವಾಗಿ ಒಪ್ಪಿಗೆಯಾಗಿಲ್ಲವೆಂಬ ಕಾರಣದಿಂದ ಕೆಲವು ಮತದಾರರು ಮತಗಟ್ಟೆಗೆ ಬಾರದೇ ಉಳಿಯುವುದುಂಟು. ಅಂತಹವರಿಗೆ ಲಭ್ಯವಿರುವ ಆಯ್ಕೆಗಳನ್ನೂ ಅವುಗಳ ಪರಿಣಾಮವನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಕ್ಷೇತ್ರವನ್ನು ಖಚಿತಪಡಿಸಿಕೊಳ್ಳುವುದು
ತಾಲ್ಲೂಕಿನ ಗಡಿಯೂ ವಿಧಾನಸಭಾ ಕ್ಷೇತ್ರದ ಗಡಿಯೂ ಒಂದೇ ಆಗಿರಬೇಕೆಂದಿಲ್ಲ. ಸಿಂಧನೂರು ಮತ್ತು ಮಸ್ಕಿ ವಿಧಾನಸಭಾ ಕ್ಷೇತ್ರಗಳು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೂ, ಲಿಂಗಸುಗೂರು ಕ್ಷೇತ್ರವು ರಾಯಚೂರು ಲೋಕಸಭಾ ಕ್ಷೇತ್ರಕ್ಕೂ ಸೇರಿವೆ. ಆದ್ದರಿಂದ ವಳಕಮದಿನ್ನಿ ಹಾಗೂ ಸುತ್ತಲಿನ ಗ್ರಾಮಗಳ ಮತದಾರರು ಮೊದಲು ಮತದಾರರ ಪಟ್ಟಿಯಲ್ಲಿ ತಮ್ಮ ಕ್ಷೇತ್ರವನ್ನು ನೋಡಿಕೊಳ್ಳತಕ್ಕದ್ದು.

2. ಅಭ್ಯರ್ಥಿಗಳ ವಿವರ ಪರಿಶೀಲನೆ
ಪ್ರತಿ ಅಭ್ಯರ್ಥಿಯೂ ನಾಮಪತ್ರದೊಂದಿಗೆ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಅದರಲ್ಲಿ ಈ ವಿವರಗಳಿರುತ್ತವೆ:
ಅ) ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು ಮತ್ತು ಶಿಕ್ಷೆಯಾಗಿದ್ದಲ್ಲಿ ಅದರ ವಿವರ
ಆ) ಅಭ್ಯರ್ಥಿ, ಪತಿ ಅಥವಾ ಪತ್ನಿ ಹಾಗೂ ಅವಲಂಬಿತರ ಆಸ್ತಿ
ಇ) ಸಾಲ ಮತ್ತು ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ
ಈ) ವಿದ್ಯಾರ್ಹತೆ
ಇವುಗಳನ್ನು ಚುನಾವಣಾಧಿಕಾರಿಯವರ ಕಚೇರಿಯ ಸೂಚನಾ ಫಲಕದಲ್ಲಿಯೂ ಭಾರತ ಚುನಾವಣಾ ಆಯೋಗದ ಜಾಲತಾಣದಲ್ಲಿಯೂ ಉಚಿತವಾಗಿ ನೋಡಬಹುದು.

3. ನೋಟಾ
"ಮೇಲಿನ ಯಾರೂ ಅಲ್ಲ" ಎಂಬ ಅರ್ಥದ ನೋಟಾ ಆಯ್ಕೆಯನ್ನು ಸರ್ವೋಚ್ಚ ನ್ಯಾಯಾಲಯದ ದಿನಾಂಕ 27-09-2013ರ ತೀರ್ಪಿನಂತೆ ಜಾರಿಗೊಳಿಸಲಾಯಿತು. ಮತಯಂತ್ರದಲ್ಲಿ ಅಭ್ಯರ್ಥಿಗಳೆಲ್ಲರ ಹೆಸರಿನ ನಂತರ ಈ ಗುಂಡಿ ಇರುತ್ತದೆ. ಇದಕ್ಕೂ ಮುನ್ನ ಯಾರಿಗೂ ಮತ ನೀಡಲು ಇಚ್ಛಿಸದವರು ಮತಗಟ್ಟೆ ಅಧಿಕಾರಿಗೆ ತಿಳಿಸಿ ನಮೂನೆ 17ಎ ವಹಿಯಲ್ಲಿ ದಾಖಲಿಸಬೇಕಾಗಿತ್ತು. ಇದರಿಂದ ಗೋಪ್ಯತೆ ಉಳಿಯುತ್ತಿರಲಿಲ್ಲ. ನೋಟಾದಲ್ಲಿ ಅಸಮ್ಮತಿಯೂ ಗೋಪ್ಯವಾಗಿರುತ್ತದೆ.

4. ಫಲಿತಾಂಶದ ಮೇಲಿನ ಪರಿಣಾಮ
ವಿಧಾನಸಭೆ ಮತ್ತು ಲೋಕಸಭಾ ಚುನಾವಣೆಗಳಲ್ಲಿ ನೋಟಾ ಮತಗಳನ್ನು ಎಣಿಸಿ ಪ್ರಕಟಿಸಲಾಗುತ್ತದೆ. ಆದರೆ ಅವು ಎಷ್ಟೇ ಅಧಿಕವಾಗಿದ್ದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಚುನಾಯಿತರಾಗುತ್ತಾರೆ, ಮರುಚುನಾವಣೆ ನಡೆಯುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಧ್ಯಪ್ರದೇಶದ ಇಂದೋರ್ ಕ್ಷೇತ್ರದಲ್ಲಿ ನೋಟಾಕ್ಕೆ 2 ಲಕ್ಷಕ್ಕೂ ಅಧಿಕ ಮತಗಳು ಬಂದರೂ ಫಲಿತಾಂಶ ಬದಲಾಗಲಿಲ್ಲ. ಠೇವಣಿ ಉಳಿಸಿಕೊಳ್ಳಲು ಬೇಕಾದ ಆರನೇ ಒಂದು ಭಾಗದ ಲೆಕ್ಕಕ್ಕೂ ನೋಟಾ ಸೇರುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಅಭ್ಯರ್ಥಿಗೆ ನೀಡಿದ ಕೆಲವೇ ಮತಗಳು ಫಲಿತಾಂಶವನ್ನು ನಿರ್ಧರಿಸಿದ ಉದಾಹರಣೆಗಳಿವೆ. 2018ರಲ್ಲಿ ಮಸ್ಕಿ ಕ್ಷೇತ್ರದ ಗೆಲುವಿನ ಅಂತರ ಕೇವಲ 213 ಮತಗಳು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಅಂತರ ಒಂದೇ ಒಂದು ಮತ.

5. ನಿರ್ಧಾರ
ಸಂಪೂರ್ಣ ಒಪ್ಪಿಗೆಯಾಗುವ ಅಭ್ಯರ್ಥಿ ಇಲ್ಲದಿದ್ದಾಗ, ಗ್ರಾಮಕ್ಕೆ ಅತ್ಯಗತ್ಯವಾದ ಒಂದೆರಡು ವಿಷಯಗಳನ್ನು, ಅಂದರೆ ಕುಡಿಯುವ ನೀರು, ಕಾಲುವೆಯ ಕೊನೆಯ ಭಾಗದ ಜಮೀನಿಗೆ ನೀರು, ಶಾಲೆ, ರಸ್ತೆ ಇತ್ಯಾದಿಗಳನ್ನು ಮುಂದಿಟ್ಟುಕೊಂಡು ಇರುವವರನ್ನು ತುಲನೆ ಮಾಡಬಹುದು. ಹಾಗೆ ತುಲನೆ ಮಾಡಿದ ನಂತರವೂ ಯಾರೂ ಅರ್ಹರೆನಿಸದಿದ್ದಲ್ಲಿ ನೋಟಾ ಚಲಾಯಿಸಬಹುದು. ಮತಗಟ್ಟೆಗೆ ಬಾರದೇ ಉಳಿದವರ ಅಸಮ್ಮತಿ ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ.

ಹಣ, ಉಡುಗೊರೆ ಅಥವಾ ಒತ್ತಡಕ್ಕೆ ಒಳಗಾಗದೆ ತೀರ್ಮಾನಿಸುವ ಹಕ್ಕು ಮತದಾರರದೇ ಆಗಿರುತ್ತದೆ. ಹೆಚ್ಚಿನ ಮಾಹಿತಿಗಾಗಿ ಮತದಾರರ ಸಹಾಯವಾಣಿ 1950 ಅಥವಾ ಆಯಾ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಸಂಪರ್ಕಿಸುವುದು.