ಗ್ರಾನಡದ ಕೋಟೆಗೋಡೆ ಮತ್ತು ಶರೀಅತ್‌ನ ಮಕ್ಸದ್



ಉರ್ದು ಬಲ್ಲವರಿಗೆ ‘ಮಕ್ಸದ್’ ಎಂಬ ಪದದ ಅರ್ಥ ಹೇಳಿಕೊಡಬೇಕಾಗಿಲ್ಲ. ಅದರ ಬಹುವಚನವೇ ‘ಮಕಾಸಿದ್’. ಶರೀಅತ್‌ನ ಆಜ್ಞೆಗಳ ಹಿಂದಿರುವ ಉನ್ನತ ಉದ್ದೇಶಗಳಿಗೆ ವಿದ್ವಾಂಸರು ‘ಮಕಾಸಿದೆ ಶರೀಅತ್’ ಎಂದು ಹೆಸರಿಟ್ಟರು. ದೀನ್, ಜಾನ್, ಅಕಲ್, ನಸಲ್, ಮಾಲ್ – ಅಂದರೆ ಧರ್ಮ, ಪ್ರಾಣ, ಬುದ್ಧಿ, ಸಂತತಿ ಮತ್ತು ಸಂಪತ್ತು. ಈ ಐದರ ರಕ್ಷಣೆಯೇ ಆ ಉದ್ದೇಶ ಎಂದು ನಮ್ಮ ವಿದ್ಯಾರ್ಥಿಗಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ಇದನ್ನು ಹೇಳಿದವರು ಯಾರು, ಯಾವ ಊರಿನಲ್ಲಿ, ಯಾವ ಕಷ್ಟದ ನಡುವೆ ಹೇಳಿದರು ಎಂದು ಕೇಳಿದರೆ ಇಡೀ ತರಗತಿ ಮೌನವಾಗುತ್ತದೆ. ತಪ್ಪು ಮಕ್ಕಳದ್ದಲ್ಲ, ನಾವು ಅವರಿಗೆ ಪಟ್ಟಿಯನ್ನಷ್ಟೇ ಕೊಟ್ಟಿದ್ದೇವೆ.

ಹೆಸರು ತಡವಾಗಿ ಬಂದರೂ ಈ ವಿಚಾರ ಹಳೆಯದು. ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಅರೇಬಿಯಾದಲ್ಲಿ ಭೀಕರ ಬರಗಾಲ ಬಿತ್ತು. ಆಗ ಖಲೀಫಾ ಉಮರ್(ರ) ಹಸಿದು ಕದ್ದವರ ಕೈ ಕತ್ತರಿಸುವ ಶಿಕ್ಷೆಯನ್ನು ಜಾರಿ ಮಾಡಲಿಲ್ಲ. ಅವರು ಕುರ್‌ಆನಿನ ಆಜ್ಞೆಯನ್ನು ರದ್ದು ಮಾಡಿದರೆಂದು ತಿಳಿಯಬಾರದು. ಆ ಆಜ್ಞೆ ಅನ್ವಯವಾಗಲು ಬೇಕಾದ ಪರಿಸ್ಥಿತಿಯೇ ಆಗ ಇರಲಿಲ್ಲವೆಂದು ಅವರು ಅರಿತಿದ್ದರು. ಕಾನೂನನ್ನು ಓದುವುದು ಬೇರೆ, ಅದರ ಮಕ್ಸದನ್ನು ಅರಿತು ನಡೆಸುವುದು ಬೇರೆ.

ಮುಂದೆ ನೈಶಾಪುರದಲ್ಲಿ ಇಮಾಮ್ ಜುವೈನಿ(ರ) ಈ ವಿಚಾರಕ್ಕೆ ತಳಪಾಯ ಹಾಕಿದರು. ಅವರ ಶಿಷ್ಯ ಇಮಾಮ್ ಗಝಾಲಿ(ರ) (1058–1111) ‘ಅಲ್ ಮುಸ್ತಸ್ಫಾ’ ಗ್ರಂಥದಲ್ಲಿ ಮೇಲೆ ಹೇಳಿದ ಐದನ್ನು ಸ್ಪಷ್ಟವಾಗಿ ಗುರುತಿಸಿದರು. ಹೆಚ್ಚಿನವರ ಜ್ಞಾನ ಇಲ್ಲಿಗೇ ನಿಲ್ಲುತ್ತದೆ. ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಇಲ್ಲಿಂದ ಬಹುದೂರ, ಸ್ಪೇನಿನ ಗ್ರಾನಡಕ್ಕೆ.

ಅದು ಹದಿನಾಲ್ಕನೆಯ ಶತಮಾನ. ಕುರ್ತುಬಾ, ಇಶ್ಬೀಲಿಯಾಗಳು ಮುಸ್ಲಿಮರ ಕೈತಪ್ಪಿ ನೂರು ವರ್ಷ ಕಳೆದಿತ್ತು. ಸ್ಪೇನಿನಲ್ಲಿ ಉಳಿದಿದ್ದ ಮುಸ್ಲಿಮ್ ರಾಜ್ಯ ಗ್ರಾನಡ ಒಂದೇ. ಅಲ್‌ಹಂಬ್ರಾ ಅರಮನೆಯ ಪ್ರಸಿದ್ಧ ಸಿಂಹಗಳ ಅಂಗಳವನ್ನು ಸುಲ್ತಾನ ಐದನೆಯ ಮುಹಮ್ಮದ್ ಕಟ್ಟಿಸಿದ್ದು ಈ ಕಾಲದಲ್ಲೇ. ಅದೇ ಪಟ್ಟಣದಲ್ಲಿ ಇಬ್ರಾಹೀಮ್ ಬಿನ್ ಮೂಸಾ ಅಶ್ಶಾತಿಬಿ(ರ) ಎಂಬ ಮಾಲಿಕಿ ವಿದ್ವಾಂಸರು ಪಾಠ ಹೇಳುತ್ತಿದ್ದರು. ಅವರ ಹೆಸರಿನಲ್ಲಿರುವ ಶಾತಿಬಾ ಎಂಬ ಊರು 1244ರಲ್ಲೇ ಅರಗಾನ್ ದೊರೆಯ ವಶವಾಗಿತ್ತು. ಕಳೆದುಹೋದ ಊರಿನ ಹೆಸರನ್ನು ಹೊತ್ತು ಬದುಕಿದವರು ಅವರು.

ಗ್ರಾನಡದ ಕೋಟೆಗೋಡೆಯ ದುರಸ್ತಿಗೆ ಪ್ರಜೆಗಳ ಮೇಲೆ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆ ಎದ್ದಿತು. ಶರೀಅತ್‌ನಲ್ಲಿ ಝಕಾತ್ ಇದೆ, ನಿಗದಿತವಾದ ಇತರ ಬಾಬತ್ತುಗಳಿವೆ, ಈ ತೆರಿಗೆ ಮಾತ್ರ ಇಲ್ಲ. ಗ್ರಾನಡದ ಹಿರಿಯ ಮುಫ್ತಿ ಇಬ್ನ್ ಲುಬ್ಬ್ ಇದು ಸಲ್ಲದು ಎಂದರು. ಅವರು ಸಾಮಾನ್ಯರಲ್ಲ, ಶಾತಿಬಿಯವರ ಉಸ್ತಾದರು. ಆದರೂ ಶಾತಿಬಿ ಸಲ್ಲುತ್ತದೆ ಎಂದು ಫತ್ವಾ ಕೊಟ್ಟರು. ಗೋಡೆ ಬಿದ್ದರೆ ಜಾನೂ ಉಳಿಯದು, ಮಾಲೂ ಉಳಿಯದು. ಹಾಗೆಂದು ಸುಲ್ತಾನನ ಕೈಗೆ ಖಾಲಿ ಚೆಕ್ಕನ್ನೇನೂ ಅವರು ಕೊಟ್ಟಿರಲಿಲ್ಲ. ಬೊಕ್ಕಸ ಬರಿದಾಗಿರಬೇಕು, ಆಳುವವನು ನ್ಯಾಯವಂತನಾಗಿರಬೇಕು ಎಂಬ ಷರತ್ತುಗಳನ್ನು ಇಂಥ ತೆರಿಗೆಯ ವಿಷಯದಲ್ಲಿ ಅವರು ಬರೆದಿದ್ದಾರೆ. ಉಸ್ತಾದರ ಮಾತಿಗೆ ಒಪ್ಪದಿದ್ದಾಗ ಅದಬ್ ಬಿಡದೆ ದಲೀಲು ಮುಂದಿಡುವುದು ಹೇಗೆ ಎಂಬುದಕ್ಕೆ ನಮ್ಮ ವಿದ್ಯಾರ್ಥಿಗಳು ಈ ಘಟನೆಯನ್ನು ಗಮನಿಸಬೇಕು.

ಅವರ ಮುಖ್ಯ ಗ್ರಂಥ ‘ಅಲ್ ಮುವಾಫಕಾತ್’. ಐದು ಮಕಾಸಿದ್‌ಗಳನ್ನು ಒಟ್ಟಿಗೆ ಪಟ್ಟಿ ಮಾಡಿ ಹೇಳುವ ಒಂದು ಆಯತ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಏನು? ಒಂದೇ ಆಯತ್‌ನಲ್ಲಿ ಹುಡುಕಬೇಡಿ, ಎಲ್ಲ ಆಜ್ಞೆಗಳನ್ನೂ ಒಟ್ಟಿಗೆ ಇಟ್ಟು ನೋಡಿ ಎನ್ನುತ್ತಾರೆ ಶಾತಿಬಿ. ಇದಕ್ಕೆ ಅವರು ಕೊಡುವ ಉದಾಹರಣೆ ನಮಗೆಲ್ಲ ಗೊತ್ತಿರುವ ಹಾತಿಮ್ ತಾಯಿಯದು. ಹಾತಿಮ್ ದಾನಿಯೆಂದು ನಾವು ನಂಬಿರುವುದು ಒಂದು ಕಥೆಯಿಂದಲ್ಲ. ನೂರು ಕಥೆಗಳು ಒಂದೇ ಕಡೆಗೆ ಬೆರಳು ತೋರಿಸುವುದರಿಂದ ನಂಬುತ್ತೇವೆ. ಪ್ರಯಾಣಿಕನಿಗೆ ಉಪವಾಸದಿಂದ ರಿಯಾಯಿತಿ, ನೀರಿಲ್ಲದವನಿಗೆ ತಯಮ್ಮುಮ್, ಹಸಿವಿನಿಂದ ಸಾಯುತ್ತಿರುವವನಿಗೆ ನಿಷಿದ್ಧ ಆಹಾರದ ಅನುಮತಿ – ಇವನ್ನೆಲ್ಲ ಕೂಡಿಸಿ ನೋಡಿದರೆ ಅಲ್ಲಾಹನು ದಾಸರ ಒಳಿತನ್ನು ಬಯಸುತ್ತಾನೆ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಇಲ್ಲೊಂದು ಎಚ್ಚರಿಕೆಯೂ ಬೇಕು. ‘ಮಕ್ಸದ್ ಸಾಕು, ಹುಕುಮ್ ಯಾಕೆ? ಮನಸ್ಸು ಶುದ್ಧವಾಗಿದ್ದರೆ ನಮಾಝ್ ಯಾಕೆ?’ ಎನ್ನುವವರು ನಮ್ಮ ನಡುವೆ ಇದ್ದಾರೆ. ಅವರು ಶಾತಿಬಿಯನ್ನು ಪೂರ್ತಿ ಓದಿಲ್ಲ. ಮನುಷ್ಯನನ್ನು ಅವನ ಇಚ್ಛೆಯ ಗುಲಾಮಗಿರಿಯಿಂದ ಬಿಡಿಸುವುದೇ ಶರೀಅತ್‌ನ ಉದ್ದೇಶ ಎಂದವರೂ ಅವರೇ. ಇನ್ನೊಂದು ಕಡೆ, ಮಗು ‘ಯಾಕೆ?’ ಎಂದು ಕೇಳಿದೊಡನೆ ಗದರಿಸುವ ಹಿರಿಯರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಇವರಿಂದಾಗುವ ಹಾನಿಯೂ ಕಡಿಮೆಯದಲ್ಲ. ಗದರಿಸಿಕೊಂಡ ಮಗು ಮತ್ತೆ ಕೇಳುವುದಿಲ್ಲ, ಬೇರೆಲ್ಲೋ ಉತ್ತರ ಹುಡುಕುತ್ತದೆ.

ಶಾತಿಬಿಯವರಿಗೆ ಊರಿನಲ್ಲಿ ಸುಖವಿರಲಿಲ್ಲ. ನಮಾಝಿನ ನಂತರ ಸಾಮೂಹಿಕ ದುಆ ಮಾಡುವ ರೂಢಿಯನ್ನು ಅವರು ಪಾಲಿಸಲಿಲ್ಲ. ದುಆದಿಂದ ಪ್ರಯೋಜನವಿಲ್ಲ ಎನ್ನುವವನು ಎಂಬ ಆರೋಪ ಬಂತು. ಖುತ್ಬಾದಲ್ಲಿ ಸುಲ್ತಾನನ ಹೆಸರೆತ್ತಲಿಲ್ಲ, ಬಂಡಾಯಗಾರನೆಂದರು. ಇವನ್ನೆಲ್ಲ ತಮ್ಮ ‘ಅಲ್ ಇಅ್‌ತಿಸಾಮ್’ ಗ್ರಂಥದ ಆರಂಭದಲ್ಲಿ ಅವರೇ ನೋವಿನಿಂದ ಬರೆದುಕೊಂಡಿದ್ದಾರೆ. 1388ರಲ್ಲಿ ಅವರು ನಿಧನರಾದರು. 1492ರಲ್ಲಿ ಗ್ರಾನಡವೂ ಹೋಯಿತು.

ಪುಸ್ತಕ ಉಳಿಯಿತು. ಲೇಖಕರು ತೀರಿಕೊಂಡು 496 ವರ್ಷಗಳಾದ ಮೇಲೆ, 1884ರಲ್ಲಿ, ಟ್ಯುನಿಸ್ ನಗರದಲ್ಲಿ ‘ಮುವಾಫಕಾತ್’ ಅಚ್ಚಾಯಿತು. ಈಜಿಪ್ಟಿನ ಶೇಖ್ ಮುಹಮ್ಮದ್ ಅಬ್ದುಹು ಅದನ್ನು ಓದಿರೆಂದು ವಿದ್ಯಾರ್ಥಿಗಳಿಗೆ ಪದೇಪದೇ ಹೇಳುತ್ತಿದ್ದರು. ಆ ಮಾತು ಕೇಳಿದ ಅಬ್ದುಲ್ಲಾ ದರಾಝ್ ಮತ್ತು ಸ್ನೇಹಿತರು ಬಹಳ ಕಷ್ಟಪಟ್ಟು ಒಂದು ಹಸ್ತಪ್ರತಿಯನ್ನು ಎರವಲು ತಂದರು. ಮಗ್ರಿಬಿ ಲಿಪಿ ಅರ್ಥವಾಗಲಿಲ್ಲ, ವಿಷಯವೂ ಕಠಿಣ. ಬದಿಗಿಟ್ಟುಬಿಟ್ಟರು. ಎಷ್ಟೋ ಕಾಲದ ಮೇಲೆ ದರಾಝ್ ಮತ್ತೆ ಅದನ್ನು ಕೈಗೆತ್ತಿಕೊಂಡರು, ಸಾಲು ಸಾಲಿಗೂ ಟಿಪ್ಪಣಿ ಬರೆದು ಕೈರೋದಲ್ಲಿ ಪ್ರಕಟಿಸಿದರು. ಇಂದಿಗೂ ‘ಮುವಾಫಕಾತ್’ ಓದುವ ಅನೇಕರು ಹಿಡಿಯುವುದು ಆ ಟಿಪ್ಪಣಿಗಳಿರುವ ಪ್ರತಿಯನ್ನೇ.